ತೋಟ ಮಾರುವ ಮೊದಲು ಒಂದು ಪರೀಕ್ಷೆ

ಬಹಳ ದಿನವಾಯ್ತು ಇಲ್ಲಿ ಏನೂ ಬರೆಯದೆ. ಊರಲ್ಲಿ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹಬ್ಬಿದೆ. "ಕೀಮೋ ಜೊತೆ ಇಮ್ಯುನೋಥೆರಪಿನೂ ಕೊಡಿಸೋಣ ಕಣೋ, ಎರಡೂ ಸೇರಿದ್ರೆ ಇನ್ನೂ ಒಳ್ಳೇದಂತೆ. ತೋಟ ಮಾರಿದ್ರಾಯ್ತು" ಅಂದ ಅಣ್ಣ, ಫೋನಿನಲ್ಲಿ. ನಾನು ಡಾಕ್ಟರಲ್ಲ, ಕೋಡ್ ಕುಟ್ಟುವವನು. ಆದರೂ ಒಂದು ವಾರ ರಾತ್ರಿ ಕೂತು ಓದಿದೆ. ಎರಡು ಒಳ್ಳೆಯ ಔಷಧಿ ಸೇರಿದರೆ ದುಪ್ಪಟ್ಟು ಒಳ್ಳೆಯದು ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ ಅಂತ ನನಗನ್ನಿಸಿದೆ.

ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ. ನಕಲಿನಲ್ಲಾದ ತಪ್ಪು ತಿದ್ದಲು ಒಂದು ವ್ಯವಸ್ಥೆಯಿದೆ, ನಮ್ಮ ಕೋಡ್ ರಿವ್ಯೂ ಥರ. ಕೆಲವು ಗೆಡ್ಡೆಗಳಲ್ಲಿ ಅದೇ ಕೆಟ್ಟಿರುತ್ತದೆ. ತಪ್ಪುಗಳು ರಾಶಿ ಬಿದ್ದು ಆ ಕೋಶಗಳು ನಮ್ಮ ರೋಗನಿರೋಧಕ ಶಕ್ತಿಯ ಕಣ್ಣಿಗೆ ಪರಕೀಯರಂತೆ ಕಾಣುತ್ತವೆ. ಇಂಥವರಿಗೆ ಇಮ್ಯುನೋಥೆರಪಿ ಚೆನ್ನಾಗಿ ಹಿಡಿಯುತ್ತದೆ. 2020ರಲ್ಲಿ ಪ್ರಕಟವಾದ ಕೀನೋಟ್-177 ಪ್ರಯೋಗದಲ್ಲಿ, ಕೀಮೋ ಪಡೆದವರಲ್ಲಿ ರೋಗ ಹತೋಟಿಯಲ್ಲಿದ್ದ ಮಧ್ಯಕ ಅವಧಿ 8.2 ತಿಂಗಳು, ಪೆಂಬ್ರೋಲಿಝುಮ್ಯಾಬ್ ಒಂದನ್ನೇ ಪಡೆದವರಲ್ಲಿ 16.5. ಕೀಮೋ ಇಲ್ಲದೆಯೇ! ಆದರೆ ಬೇರೆ ಅಂಗಕ್ಕೆ ಹಬ್ಬಿದ ಕರುಳಿನ ಕ್ಯಾನ್ಸರಿನಲ್ಲಿ ಇಂಥವರು ನೂರಕ್ಕೆ ಸುಮಾರು 5 ಮಂದಿ ಮಾತ್ರ.

ಉಳಿದವರಿಗೆ? ಕೀಮೋ ಗೆಡ್ಡೆಯನ್ನು ಒಡೆದರೆ ನಿರೋಧಕ ಶಕ್ತಿ ಎಚ್ಚೆತ್ತೀತು ಅನ್ನುವ ಆಸೆಯಿಂದ ಎರಡನ್ನೂ ಸೇರಿಸಿ ನೋಡಿದ್ದಾರೆ. 2022ರಲ್ಲಿ ಪ್ರಕಟವಾದ ಇಟಲಿಯ ಅಟೆಝೋಟ್ರೈಬ್ ಪ್ರಯೋಗದಲ್ಲಿ ಎಲ್ಲ ಬಗೆಯ ಗೆಡ್ಡೆಯವರೂ ಇದ್ದರು. ಅಲ್ಲಿ 11.5 ತಿಂಗಳಿದ್ದದ್ದು 13.1 ಆಯಿತು. ನಿವೋಲುಮ್ಯಾಬ್ ಸೇರಿಸಿದ ಚೆಕ್‌ಮೇಟ್-9ಎಕ್ಸ್8 ತನ್ನ ಮುಖ್ಯ ಗುರಿ ಮುಟ್ಟಲೇ ಇಲ್ಲ. ಸಂಶೋಧನೆ ನಡೆಯಲಿ, ನಡೆಯಲೇಬೇಕು. ಆದರೆ ಅದರ ಖರ್ಚು ಅಡಿಕೆ ತೋಟದ ಮೇಲೆ ಬೀಳಬಾರದು.

ಅದಕ್ಕೇ ನನ್ನ ವಾದ ಇಷ್ಟೇ. "ಯಾವ ಔಷಧಿ, ಎಷ್ಟು ದುಡ್ಡು" ಅಂತ ಕೇಳುವ ಮೊದಲು "ರಿಪೇರಿ ಪ್ರೋಟೀನುಗಳ ಪರೀಕ್ಷೆ ಆಗಿದೆಯಾ ಡಾಕ್ಟ್ರೇ?" ಅಂತ ಕೇಳಿ. ಬಯಾಪ್ಸಿಗೆ ತೆಗೆದ ಚೂರಿನಲ್ಲೇ ನಾಲ್ಕು ಪ್ರೋಟೀನು ಇವೆಯೋ ಇಲ್ಲವೋ ಅಂತ ಬಣ್ಣ ಹಾಕಿ ನೋಡುತ್ತಾರೆ. ಇಮ್ಯುನೋಥೆರಪಿಯ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ನಾವೂ ಕೇಳಿದೆವು. ಮಾಡಿಸಿರಲಿಲ್ಲ! ಮಾಡಿಸಿದೆವು. ದೊಡ್ಡಪ್ಪನ ಗೆಡ್ಡೆಯಲ್ಲಿ ನಾಲ್ಕೂ ಇವೆ. ಅಂದರೆ ಅವರು ಆ ಐವರಲ್ಲಿ ಒಬ್ಬರಲ್ಲ. ಈಗ ಕೀಮೋ ನಡೀತಿದೆ. ತೋಟ ಉಳಿಯಿತು ಅಂತ ಸಮಾಧಾನಪಡಬೇಕೋ, ರಿಪೋರ್ಟ್ ನೋಡಿ ಅಳಬೇಕೋ ಗೊತ್ತಾಗದೆ ದೊಡ್ಡಮ್ಮ ಸುಮ್ಮನೆ ಕೂತಿದ್ದರು.

ನಿಮ್ಮ ಮನೆಗಳಲ್ಲೂ ಇಂಥ ಫೋನು ಬಂದಿರಬಹುದು. ನೀವೇನಂತೀರಿ?