ನಮ್ಮ ರೋಗ ಯಾವ ಊರಿನ ಲೆಕ್ಕಕ್ಕೆ?

ಕ್ಯಾನ್ಸರಿನ ಅಂಕಿ-ಅಂಶಗಳು ಹೊರಬಿದ್ದಾಗಲೆಲ್ಲ ನಮ್ಮ ಪತ್ರಿಕೆಗಳು ಯಾವುದಾದರೊಂದು ಊರಿಗೆ ‘ಕ್ಯಾನ್ಸರ್ ರಾಜಧಾನಿ’ ಎಂಬ ಬಿರುದನ್ನು ದಯಪಾಲಿಸುತ್ತವೆ. ಒಮ್ಮೆ ದೆಹಲಿಗೆ ಪಟ್ಟಾಭಿಷೇಕ, ಒಮ್ಮೆ ಬೆಂಗಳೂರಿಗೆ, ಮತ್ತೊಮ್ಮೆ ದೂರದ ಐಜ್ವಾಲಿಗೆ. ಅದನ್ನೋದಿದ ಹೊರನಾಡ ಕನ್ನಡಿಗರು, “ಸದ್ಯ, ನಮ್ಮ ಬೀದರಿನಲ್ಲಿ, ವಿಜಯಪುರದಲ್ಲಿ ಈ ಪೀಡೆಯಿಲ್ಲ, ಜೋಳದ ರೊಟ್ಟಿ ತಿಂದ ಮೈ ನೋಡಿ!” ಎಂದು ಸಮಾಧಾನಪಟ್ಟುಕೊಳ್ಳುವುದನ್ನು ನಾನು ಹಲವು ಸಭೆಗಳಲ್ಲಿ ಕೇಳಿದ್ದೇನೆ. ನನ್ನ ತಕರಾರಿರುವುದು ಈ ಸಮಾಧಾನದ ಮೇಲೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಯಾನ್ಸರ್ ನೋಂದಣಿ ಯೋಜನೆಯು 2020ರಲ್ಲಿ ಪ್ರಕಟಿಸಿದ ವರದಿಯನ್ನು ತೆರೆದು ನೋಡಿ. ಅದರಲ್ಲಿ ದೇಶದ 28 ಪ್ರದೇಶಗಳ ದರಗಳಿವೆ. ಇಡೀ ಕರ್ನಾಟಕದಿಂದ ಅಲ್ಲಿರುವ ಹೆಸರು ಬೆಂಗಳೂರು ಒಂದೇ. ಬೀದರು ಪಟ್ಟಿಯ ತಳದಲ್ಲಿದೆಯೆಂದು ಹಿಗ್ಗುವವರು ಪಟ್ಟಿಯಲ್ಲಿ ಅದರ ಹೆಸರೇ ಇಲ್ಲವೆಂಬುದನ್ನು ಗಮನಿಸಿಲ್ಲ.

ಈ ದೇಶದಲ್ಲಿ ಕ್ಯಾನ್ಸರಿನ ಎಣಿಕೆ ಮೊದಲಾದದ್ದು ನಾವು ಅನ್ನ ಕಂಡ ಮುಂಬಯಿಯಲ್ಲಿ. 1963ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಇಲ್ಲಿ ಜನಸಂಖ್ಯಾಧಾರಿತ ನೋಂದಣಿಯನ್ನು ತೆರೆಯಿತು, ಡಾ. ಡಿ. ಜೆ. ಜಸ್ಸಾವಾಲಾ ಅದರ ಬೆನ್ನೆಲುಬಾಗಿದ್ದರು. ಬಳಿಕ 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಚೆನ್ನೈ ಅಡಯಾರಿನ ಕ್ಯಾನ್ಸರ್ ಸಂಸ್ಥೆಯೂ ಇದೇ ಕಾರ್ಯವನ್ನು ಕೈಗೊಂಡವು. ಲೆಕ್ಕದ ರೀತಿ ಶಾಲೆಯ ಭಿನ್ನರಾಶಿಯಷ್ಟೇ ಸರಳ. ನಿಶ್ಚಿತ ಪ್ರದೇಶವೊಂದರ ನಿವಾಸಿಗಳಲ್ಲಿ ಒಂದು ವರ್ಷದೊಳಗೆ ಹೊಸದಾಗಿ ಪತ್ತೆಯಾದ ರೋಗಿಗಳೆಷ್ಟು ಎಂಬುದು ಅಂಶ. ಆ ಪ್ರದೇಶದ ಜನಸಂಖ್ಯೆಯೆಷ್ಟು ಎಂಬುದು ಛೇದ. ಅಂಶವನ್ನು ಕಲೆಹಾಕಲು ನೋಂದಣಿಯ ಸಿಬ್ಬಂದಿ ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳನ್ನು ಸುತ್ತುತ್ತಾರೆ. ಒಬ್ಬನೇ ರೋಗಿ ಮೂರು ಆಸ್ಪತ್ರೆಗಳಲ್ಲಿ ಮೂರು ಸಲ ನಮೂದಾಗಿದ್ದರೆ ಹೆಸರು, ವಯಸ್ಸು, ವಿಳಾಸಗಳನ್ನು ತಾಳೆ ನೋಡಿ ಒಂದಾಗಿಸುತ್ತಾರೆ. ರೋಗ ಪತ್ತೆಯಾಗುವ ವೇಳೆಗೆ ಆತ ಅಲ್ಲಿ ಕನಿಷ್ಠ ಒಂದು ವರ್ಷ ನೆಲೆಸಿರಬೇಕೆಂಬುದು ನಿಯಮ. ಚಿಕಿತ್ಸೆಗೆಂದು ಬಂದವನು ಈ ಎಣಿಕೆಯಿಂದ ಹೊರಗೆ.

ಹೊರನಾಡಿಗರಾದ ನಮ್ಮ ಕಥೆ ಸಿಕ್ಕುಬೀಳುವುದು ಈ ಒಂದು ವರ್ಷದ ಹೊಸ್ತಿಲಿನಲ್ಲಿ. ಸಂಘದ ಪರವಾಗಿ ಊರಿನಿಂದ ಬರುವ ರೋಗಿಗಳೊಡನೆ ಇಪ್ಪತ್ತು ವರ್ಷಗಳಿಂದ ಆಸ್ಪತ್ರೆಗಳ ಸರದಿಯಲ್ಲಿ ನಿಂತವನು ನಾನು. ಸಿಂದಗಿಯ ಕಡೆಯ ರೈತರೊಬ್ಬರು ಗಂಟಲಿನ ಗಡ್ಡೆಯೊಂದಿಗೆ ಬಂದಿದ್ದರು. ಜೊತೆಯಲ್ಲಿದ್ದ ಅಳಿಯ ಧಾರಾವಿಯ ತನ್ನ ಖೋಲಿಯ ವಿಳಾಸವನ್ನು ಬರೆಸಿದ. ಇಲ್ಲಿಯವರೆಂದರೆ ರಿಯಾಯಿತಿ ದೊರೆತೀತು, ಕಾಗದಪತ್ರ ಬೇಗ ಕೈಸೇರೀತು ಎಂಬ ಆಸೆ ಅವನದು. ಗುಮಾಸ್ತ ಇನ್ನೊಂದು ಪ್ರಶ್ನೆಯನ್ನು ಕೇಳಲಿಲ್ಲ. ಆಮೇಲೆ ಯಾರೋ ಬಂದು “ಎಷ್ಟು ವರ್ಷದಿಂದ ಇಲ್ಲಿದ್ದೀರಿ?” ಎಂದು ವಿಚಾರಿಸಿದಾಗ, ಮೊದಲು ಹೇಳಿದ ಸುಳ್ಳು ಬಯಲಾದೀತೆಂಬ ಭಯದಿಂದ ಅಳಿಯ “ಹತ್ತು ವರ್ಷ” ಎಂದುಬಿಟ್ಟ. ಹಾಗೆ ಸಿಂದಗಿಯ ಒಂದು ರೋಗ ಮುಂಬಯಿಯ ಖಾತೆಗೆ ಜಮೆಯಾಯಿತು. ಆ ರೈತರು ಹೊಲದಲ್ಲಿ ಯಾವ ಔಷಧಿ ಸಿಂಪಡಿಸಿದರು, ದಿನಕ್ಕೆಷ್ಟು ಬೀಡಿ ಸೇದಿದರು ಎಂಬುದೆಲ್ಲ ವಿಜಯಪುರ ಜಿಲ್ಲೆಗೆ ಸಂಬಂಧಪಟ್ಟ ಸಂಗತಿ. ಧಾರಾವಿಗೂ ಅದಕ್ಕೂ ಏನು ಸಂಬಂಧ?

ಇದಕ್ಕೆ ವಿರುದ್ಧವಾದ ಪ್ರವಾಹವೂ ಉಂಟು. ಮೂವತ್ತು ನಲವತ್ತು ವರ್ಷ ಇಲ್ಲಿಯ ಉಪಾಹಾರಗೃಹದ ಒಲೆಯ ಮುಂದೆ ದುಡಿದ ಕರಾವಳಿಯ ಹಿರಿಯರು ಕೆಮ್ಮಿನಲ್ಲಿ ರಕ್ತ ಕಂಡೊಡನೆ “ಊರಿಗೇ ಹೋಗಿಬಿಡೋಣ” ಎಂದು ಹೊರಡುತ್ತಾರೆ. ರೋಗ ಪತ್ತೆಯಾಗುವುದು ಮಂಗಳೂರಿನಲ್ಲಿಯೋ ಮಣಿಪಾಲದಲ್ಲಿಯೋ. ಮುಂಬಯಿ ನೋಂದಣಿಯ ಸಿಬ್ಬಂದಿ ಅಲ್ಲಿಗೆ ಹೋಗುವುದಿಲ್ಲ. ಆ ಆಸ್ಪತ್ರೆಯ ಕಡತದಲ್ಲಿ ಹೆಸರು ಸೇರುತ್ತದೆ ನಿಜ, ಆದರೆ ಹತ್ತು ಜಿಲ್ಲೆಗಳಿಂದ ಜನ ಬರುವ ಆಸ್ಪತ್ರೆಗೆ ಛೇದವೆಲ್ಲಿಂದ ತರುವುದು? ಅಲ್ಲಿಂದ ರೋಗಿಗಳ ಸಂಖ್ಯೆ ಸಿಕ್ಕೀತು, ದರ ಹುಟ್ಟದು. ಆ ಹಿರಿಯರು ಎರಡೂ ಊರುಗಳಲ್ಲಿ ಬದುಕಿದರು. ಯಾವ ಊರಿನ ದರದಲ್ಲಿಯೂ ಅವರಿಲ್ಲ.

ತಜ್ಞರು ಇದಕ್ಕೆ, “ವಯಸ್ಸಿನ ವ್ಯತ್ಯಾಸವನ್ನು ಸರಿಗೊಳಿಸಿದ ದರವನ್ನೇ ನಾವು ಕೊಡುತ್ತೇವಲ್ಲ” ಎನ್ನುತ್ತಾರೆ. ಅದು ಅಗತ್ಯವಾದದ್ದೇ. ತರುಣರು ಮುಂಬಯಿಗೆ ನಡೆದು ಮುದುಕರು ಉಳಿದ ಕುಂದಾಪುರವನ್ನೂ, ತರುಣರೇ ತುಂಬಿದ ಮುಂಬಯಿಯ ಉಪನಗರವನ್ನೂ ಹಾಗೆಯೇ ತೂಗಿದರೆ ಕುಂದಾಪುರ ರೋಗದ ತವರಿನಂತೆ ಕಂಡೀತು. ಆದ್ದರಿಂದಲೇ ವಿಶ್ವಮಾನಕ ಜನಸಂಖ್ಯೆಯೊಂದನ್ನು ಕಲ್ಪಿಸಿ ಎರಡನ್ನೂ ಒಂದೇ ತಕ್ಕಡಿಗೆ ತರುತ್ತಾರೆ. ಆದರೆ ಈ ತಕ್ಕಡಿ ವಯಸ್ಸನ್ನು ತಿದ್ದೀತೇ ಹೊರತು ವಿಳಾಸವನ್ನು ತಿದ್ದದು.

ಅದೇ ವರದಿಯ ಇನ್ನೆರಡು ಅಂಕಿಗಳನ್ನು ಓದುಗರ ಮುಂದಿಡುತ್ತೇನೆ. ಗಂಡಸರಲ್ಲಿ ಅತ್ಯಧಿಕ ದರ ಐಜ್ವಾಲ್ ಜಿಲ್ಲೆಯದು, ಲಕ್ಷಕ್ಕೆ 269.4. ಅತ್ಯಲ್ಪ ದರ ಮಹಾರಾಷ್ಟ್ರದ ಉಸ್ಮಾನಾಬಾದ್ ಮತ್ತು ಬೀಡ್ ಜಿಲ್ಲೆಗಳದು, 39.5. ಹೆಚ್ಚುಕಡಿಮೆ ಏಳು ಪಟ್ಟು ಅಂತರ. ಇದರಲ್ಲಿ ರೋಗದ ಪಾಲೆಷ್ಟು, ರೋಗವನ್ನು ಪತ್ತೆ ಮಾಡುವ ಸೌಕರ್ಯದ ಪಾಲೆಷ್ಟು ಎಂದು ಕೇಳದೆ ಶೀರ್ಷಿಕೆ ಬರೆಯುವವರನ್ನು ನಾನು ಪತ್ರಕರ್ತರೆನ್ನಲಾರೆ. ಈಗ ಧಾರಾಶಿವ ಎನಿಸಿಕೊಂಡಿರುವ ಆ ಉಸ್ಮಾನಾಬಾದಿಗೆ ತಾಗಿಕೊಂಡೇ ನಮ್ಮ ಬೀದರ, ಕಲಬುರಗಿಗಳಿವೆ. ಗಡಿಯ ಆಚೆ ಒಂದು ಅಂಕಿಯಾದರೂ ಇದೆ. ಈಚೆಗೆ ಖಾಲಿ ಜಾಗ. ಗಡಿಯ ಪ್ರಶ್ನೆಯೆಂದರೆ ಕೆರಳಿ ನಿಲ್ಲುವ ನಮ್ಮ ನಾಯಕರಿಗೆ ಈ ಗಡಿ ಕಂಡೇ ಇಲ್ಲ. ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸೀಮೆಯಲ್ಲಿ ಬಾಯಿಯ ಕ್ಯಾನ್ಸರ್ ಎಷ್ಟು? ಆ ವರದಿಯಲ್ಲಿ ಉತ್ತರವಿಲ್ಲ. 2025ರಲ್ಲಿ ಹೊರಬಂದ ಅಧ್ಯಯನವೊಂದು 43 ನೋಂದಣಿಗಳನ್ನು ಒಳಗೊಂಡಿತಾದರೂ, ಅವೆಲ್ಲವೂ ಸೇರಿ ಆವರಿಸಿದ್ದು ದೇಶದ ಜನಸಂಖ್ಯೆಯ ಶೇಕಡಾ 10ರಿಂದ 18ರಷ್ಟನ್ನು ಮಾತ್ರ.

“ಎಣಿಸಿ ಏನಾಗಬೇಕಾಗಿದೆ? ಬಡವನಿಗೆ ಔಷಧಿ ಕೊಡಿ” ಎಂದು ನಮ್ಮ ಕಾರ್ಯಕಾರಿ ಸಮಿತಿಯ ಗೆಳೆಯರೊಬ್ಬರು ಗದರಿದ್ದುಂಟು. ಅವರಿಗೆ ನಾನು ಬಾರ್ಶಿಯನ್ನು ತೋರಿಸುತ್ತೇನೆ. ಕನ್ನಡದ ಸೊಗಡು ಇನ್ನೂ ಆರದ ಸೊಲ್ಲಾಪುರ ಜಿಲ್ಲೆಯ ಈ ಊರಿನಲ್ಲಿ 1987ರಲ್ಲಿ ದೇಶದ ಮೊತ್ತಮೊದಲ ಗ್ರಾಮೀಣ ನೋಂದಣಿ ಆರಂಭವಾಯಿತು. ಹಳ್ಳಿಗಳಲ್ಲಿ ಆಸ್ಪತ್ರೆಯ ಕಡತಗಳನ್ನು ನಂಬಿ ಕೂರುವಂತಿರಲಿಲ್ಲ. ಕಾರ್ಯಕರ್ತರೇ ಊರೂರಿಗೆ ಹೋದರು, ರೋಗದ ಮುನ್ಸೂಚನೆಗಳನ್ನು ಜನರಿಗೆ ವಿವರಿಸಿದರು, ಸಂಶಯವಿದ್ದವರನ್ನು ಪರೀಕ್ಷೆಗೆ ಹೊರಡಿಸಿದರು. ಕೆಲವು ವರ್ಷಗಳಲ್ಲಿಯೇ ಗರ್ಭಕೊರಳಿನ ಕ್ಯಾನ್ಸರ್ ಮೊದಲಿಗಿಂತ ಮುಂಚಿನ ಹಂತದಲ್ಲಿ ಪತ್ತೆಯಾಗತೊಡಗಿತೆಂದು 1995ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಎಣಿಸಲು ಹೋದವರೇ ಅಲ್ಲಿ ಹೆಂಗಸರ ಜೀವ ಉಳಿಸುವ ದಾರಿ ತೆರೆದರು. ವಿಕಿರಣ ಚಿಕಿತ್ಸೆಯ ಯಂತ್ರವನ್ನು ಯಾವ ಜಿಲ್ಲೆಗೆ ಕೊಡಬೇಕೆಂದು ಸರಕಾರ ಯೋಚಿಸುವಾಗ ಅಂಕಿಯಿಲ್ಲದ ಜಿಲ್ಲೆ ಬಾಯಿಲ್ಲದ ಮಗುವಿನಂತೆ. ಆಗ ಅಲ್ಲಿಯ ರೋಗಿ ಮುಂಬಯಿಯ ರೈಲು ಹತ್ತುತ್ತಾನೆ, ನಮ್ಮ ವಿಳಾಸ ಬರೆಸುತ್ತಾನೆ, ಅವನ ಜಿಲ್ಲೆ ಮತ್ತಷ್ಟು ನಿರೋಗಿಯಾಗಿ ಕಾಣುತ್ತದೆ!

ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿವೆ. ದೇಶಕ್ಕೆಲ್ಲ ಹಾಗೆ ಆಗಲೆಂದು ಸಂಸತ್ತಿನ ಸ್ಥಾಯಿ ಸಮಿತಿಯೂ 2022ರಲ್ಲಿ ಶಿಫಾರಸು ಮಾಡಿತು. ಒಳ್ಳೆಯದೇ. ಆದರೆ ಆಜ್ಞೆ ಹೊರಟ ಮಾತ್ರಕ್ಕೆ ಆಸ್ಪತ್ರೆಯ ಕಿಟಕಿಯಲ್ಲಿ ಕೂತ ಗುಮಾಸ್ತ “ನಿಮ್ಮ ಖಾಯಂ ಊರು ಯಾವುದು?” ಎಂದು ಕೇಳುವನೇ? ಕೇಳಿದರೂ ನಿಜ ಹೇಳಿದವನ ರಿಯಾಯಿತಿ ತಪ್ಪುವುದಾದರೆ ನಿಜವನ್ನು ಯಾರು ಹೇಳುತ್ತಾರೆ? ಚಿಕಿತ್ಸೆಯ ನೆರವನ್ನು ವಿಳಾಸಕ್ಕೆ ಕಟ್ಟಿಹಾಕಿರುವವರೆಗೆ ಈ ಸುಳ್ಳಿಗೆ ಬಡವನನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಸಂಘಗಳನ್ನು ಮಾತ್ರ ನಾನು ದೂರುತ್ತೇನೆ. ರಾಜ್ಯೋತ್ಸವದ ಚಪ್ಪರಕ್ಕೆ ಲಕ್ಷಗಟ್ಟಲೆ ಸುರಿಯುವ ನಮಗೆ, ಊರಿನಿಂದ ಬಂದ ರೋಗಿಯ ತಾಲೂಕನ್ನು ಒಂದು ಪುಸ್ತಕದಲ್ಲಿ ಬರೆದಿಡುವ ವ್ಯವಧಾನ ಇದುವರೆಗೆ ಬಂದಿಲ್ಲ.

ನಮ್ಮ ಸಂಘದ ವೈದ್ಯಕೀಯ ನೆರವಿನ ಅರ್ಜಿಯಲ್ಲಿ ‘ವಿಳಾಸ’ ಎಂಬ ಒಂದೇ ಸಾಲಿದೆ. ಅದನ್ನು ತೆಗೆದು ಹುಟ್ಟೂರು ಮತ್ತು ತಾಲೂಕು, ಈಗಿನ ವಾಸಸ್ಥಳ, ಇಲ್ಲಿಗೆ ಬಂದ ತಿಂಗಳು, ರೋಗ ಮೊದಲು ಪತ್ತೆಯಾದ ಊರು ಎಂಬ ನಾಲ್ಕು ಸಾಲುಗಳನ್ನು ಸೇರಿಸಬೇಕೆಂದು ಮುಂದಿನ ಮಹಾಸಭೆಗೆ ಲಿಖಿತ ಸೂಚನೆಯನ್ನು ಸಲ್ಲಿಸಿದ್ದೇನೆ. ಪುಣೆ, ಸೊಲ್ಲಾಪುರ, ಹೈದರಾಬಾದುಗಳ ಸಂಘಗಳೂ ಇದನ್ನು ಅಂಗೀಕರಿಸಿದರೆ, ಹೆಸರುಗಳನ್ನು ಕೈಬಿಟ್ಟು ತಾಲೂಕುವಾರು ಪಟ್ಟಿಯೊಂದನ್ನು ಪ್ರತಿವರ್ಷ ಕರ್ನಾಟಕದ ಆರೋಗ್ಯ ಇಲಾಖೆಗೆ ಕಳುಹಿಸಬಹುದು. ಛೇದವಿಲ್ಲದ ಆ ಪಟ್ಟಿ ದರವಾಗದೆಂಬುದನ್ನು ಬಲ್ಲೆ. ಆದರೆ ಒಂದೇ ಜಿಲ್ಲೆಯಿಂದ ಇಷ್ಟು ಮಂದಿ ಬಂದರೆಂದು ನಾಲ್ಕು ಊರುಗಳ ಸಂಘಗಳು ಬರೆದು ಕೇಳಿದಾಗ, ಆ ಜಿಲ್ಲೆಯ ದರವೆಷ್ಟು ಎಂಬುದಕ್ಕೆ ಇಲಾಖೆ ಏನಾದರೊಂದು ಉತ್ತರವನ್ನು ಕಾಗದದ ಮೇಲೆ ಕೊಡಲೇಬೇಕಾಗುತ್ತದೆ.