ಹಸಿರು ಕಾಡಿನ ದಾರಿ, ಕರಿಬೇವಿನ ಹುಳ

ಮಕ್ಕಳೇ, ನಮ್ಮ ಸಿಂಧನೂರಿನ ಕಡೆ ಕಾಡು ಎಂದರೆ ತೋರಿಸಲು ಏನೂ ಇಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ, ಅದರ ಎರಡೂ ಕಡೆ ಕಣ್ಣು ಹಾಯುವವರೆಗೆ ಭತ್ತದ ಗದ್ದೆ. ಲಿಂಗಸುಗೂರು, ಮಸ್ಕಿಯ ಕಡೆ ಹೋದರೆ ಬಂಡೆಗುಡ್ಡ, ಜಾಲಿಯ ಪೊದೆ. ದಾರಿ ತಪ್ಪುವಂಥ ಕಾಡನ್ನು ನಮ್ಮ ಮಕ್ಕಳು ಮೊದಲು ನೋಡುವುದು ಅಂಗೈಯಷ್ಟು ಅಗಲದ ಪರದೆಯಲ್ಲಿ. ಈ ವಾರ ಅಂಥದ್ದೇ ಒಂದು ಕಾಡಿಗೆ ಹೋಗಿಬರೋಣ. ಅದರ ಹೆಸರು ವಿರಿಡಿಯನ್ ಫಾರೆಸ್ಟ್. ವಿರಿಡಿಯನ್ ಎಂದರೆ ತುಸು ನೀಲಿ ಬೆರೆತ ಹಸಿರು.

ಅಜ್ಜ-ಅಜ್ಜಿಯರಿಗೆ ಮೊದಲು ಎರಡು ಮಾತು. ಪೋಕೆಮಾನ್ ಎಂಬ ವಿಡಿಯೊ ಆಟ ಜಪಾನಿನಲ್ಲಿ 1996ರ ಫೆಬ್ರವರಿ 27ರಂದು ಬಂತು. ಅದರಲ್ಲಿ ನೀವು ಒಬ್ಬ ಹುಡುಗ. ಊರೂರು ತಿರುಗಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಪಳಗಿಸಬೇಕು. ನನ್ನ ಮೊಮ್ಮಗನಿಗೆ ಅವನ ಸೋದರಮಾವ ಕೊಟ್ಟದ್ದು 2004ರಲ್ಲಿ ಬಂದ ಫೈರ್‌ರೆಡ್ ಎಂಬ ಆವೃತ್ತಿ. ಯಂತ್ರ ಹಳೆಯದು, ಗುಂಡಿಗಳು ಸವೆದಿವೆ, ಆಟ ಮಾತ್ರ ಗಟ್ಟಿಯಾಗಿದೆ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಈ ಕಾಡು ಎದುರಾಗುತ್ತದೆ. ದಕ್ಷಿಣದ ಬಾಗಿಲಿನಿಂದ ಒಳಗೆ ಹೋಗಿ ಉತ್ತರದ ಬಾಗಿಲಿನಿಂದ ಹೊರಬಿದ್ದರೆ ಮುಂದಿನ ಊರು. ನಡುವೆ ಗೋಡೆಯಂತೆ ಒತ್ತಿ ನಿಂತ ಮರಗಳು, ಅವುಗಳ ಸಂದಿನಲ್ಲಿ ಸುತ್ತಿ ಬಳಸುವ ದಾರಿ. ಎತ್ತರದ ಹುಲ್ಲಿಗೆ ಕಾಲಿಟ್ಟರೆ ಹುಳುಗಳು ಎದ್ದು ಬರುತ್ತವೆ. ವೀಡಲ್ ಎಂಬ ಹುಳ ಚುಚ್ಚಿದರೆ ವಿಷ ಏರುತ್ತದೆ. ನಡೆದಂತೆಲ್ಲ ನಮ್ಮ ಪ್ರಾಣಿಯ ಶಕ್ತಿ ಇಳಿಯುತ್ತದೆ. ಹುಳ ಹಿಡಿಯುವ ಹುಡುಗರು ದಾರಿಗೆ ಅಡ್ಡ ನಿಂತು ಪಂದ್ಯಕ್ಕೆ ಕರೆಯುತ್ತಾರೆ.

"ಅಜ್ಜಾ, ಮೂರು ಸಲ ತಿರುಗಿ ಅಲ್ಲೇ ಬಂದೀನಿ. ಈ ಕಾಡಿಗೆ ಬಾಗಿಲಾ ಐತೋ ಇಲ್ಲೋ?" ಎಂದ ಮೊಮ್ಮಗ.

ನಮ್ಮಲ್ಲಿ ಇದಕ್ಕೆ ಹಳೆಯ ಕಥೆಯೇ ಇದೆ. ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ನುಗ್ಗುವುದು ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದರೆ ಗೋಡೆಯ ಮೇಲೆ ಆ ವ್ಯೂಹವನ್ನು ಸುತ್ತು ಸುತ್ತಾಗಿ ಕೆತ್ತಿದ್ದನ್ನು ನೋಡಬಹುದು.

ಹೊರಬರುವ ಉಪಾಯಗಳಲ್ಲಿ ಒಂದು ಬಹಳ ಸುಲಭ. ಬಲಗೈ ಗೋಡೆಗೆ ತಾಗಿದೆ ಎಂದುಕೊಳ್ಳಿ, ಕೈ ಬಿಡದೆ ನಡೆಯಿರಿ. ಗೋಡೆಗಳೆಲ್ಲ ಒಂದಕ್ಕೊಂದು ಕೂಡಿದ್ದರೆ ಬಾಗಿಲು ಸಿಕ್ಕೇ ಸಿಗುತ್ತದೆ. ಆದರೆ ನೀವು ಕೈಯಿಟ್ಟದ್ದು ನಡುವೆ ದ್ವೀಪದಂತೆ ಬಿಡಿಯಾಗಿ ನಿಂತ ಮರಗಳ ಗುಂಪಿಗಾದರೆ, ಗಾಣದ ಎತ್ತಿನಂತೆ ಅದನ್ನೇ ಸುತ್ತುತ್ತೀರಿ.

ಆಗ 19ನೇ ಶತಮಾನದ ಫ್ರಾನ್ಸಿನ ಟ್ರೆಮೊ ಎಂಬಾತನ ಉಪಾಯ ಬೇಕು. ಒಂದು ದಾರಿಯಲ್ಲಿ ಮೊದಲ ಸಲ ಹೋದಾಗ ಒಂದು ಗೆರೆ ಹಾಕಿ, ಅದೇ ದಾರಿಯಲ್ಲಿ ಮರಳಿದರೆ ಎರಡನೇ ಗೆರೆ. ದಾರಿಗಳು ಕೂಡುವಲ್ಲಿ ಗೆರೆ ಇಲ್ಲದ ದಾರಿಯನ್ನೇ ಹಿಡಿಯಿರಿ. ಹೊಸ ದಾರಿಯಲ್ಲಿ ಹೊರಟು, ಮೊದಲೇ ನೋಡಿದ ಕೂಡು ಎದುರಾದರೆ ಬಂದ ದಾರಿಯಲ್ಲೇ ಹಿಂದಿರುಗಿ. ಹೊಸ ದಾರಿ ಉಳಿದೇ ಇಲ್ಲವೆಂದರೆ ಒಂದೇ ಗೆರೆ ಇರುವುದನ್ನು ಹಿಡಿಯಿರಿ. ಎರಡು ಗೆರೆ ಬಿದ್ದ ದಾರಿಗೆ ಮತ್ತೆ ಕಾಲಿಡಬೇಡಿ. ಬ್ಯಾಂಕಿನಲ್ಲಿ ನಾವು ಸಂಜೆ ಲೆಕ್ಕ ತಾಳೆ ನೋಡುವಾಗ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದೇ: ಒಮ್ಮೆ ನೋಡಿದ ವೋಚರ್‌ಗೆ ಒಂದು ಟಿಕ್, ಮರಳಿ ನೋಡಿದಾಗ ಇನ್ನೊಂದು. ತಲೆಯಲ್ಲಿ ಇಟ್ಟುಕೊಂಡದ್ದು ಗೋಜಲಾಗುತ್ತದೆ, ಹಾಳೆಯ ಮೇಲೆ ಬಿದ್ದದ್ದು ಉಳಿಯುತ್ತದೆ. ಮೊಮ್ಮಗನಿಗೆ ಚೌಕುಳಿ ಹಾಳೆ, ಪೆನ್ಸಿಲ್ ಕೊಟ್ಟೆ. ಎರಡು ಸಂಜೆಯಲ್ಲಿ ಇಡೀ ಕಾಡು ಕಾಗದಕ್ಕೆ ಇಳಿಯಿತು.

ಹಾಗೆ ಗೆರೆ ಹಾಕುವಾಗ ಮುಂದೆ ದಾರಿಯೇ ಇಲ್ಲದ ಮೂಲೆಗಳು ಬರುತ್ತವೆ. ಅವುಗಳನ್ನು ಬೈಯಬೇಡಿ. ವಿಷ ಇಳಿಸುವ ಔಷಧಿಯಂಥ ಉಪಯೋಗದ ವಸ್ತುಗಳು ಇಂಥ ಬದಿಯ ಮೂಲೆಗಳಲ್ಲೇ ಬಿದ್ದಿರುತ್ತವೆ. ನಮ್ಮ ಮಸ್ಕಿಯ ಕಥೆಯೂ ಇಂಥದ್ದೇ ಅಲ್ಲವೇ? 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನ ಹುಡುಕುತ್ತ ಬಂದವರು. ಅವರ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಅಕ್ಷರ. ಆವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಕರೆದಿತ್ತು. ಅವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ.

ಇನ್ನು ಪಿಕಾಚು. ಹಳದಿ ಬಣ್ಣದ ಈ ಇಲಿಮರಿಯನ್ನು ಎಲ್ಲ ಮಕ್ಕಳೂ ಬಲ್ಲರು. ಈ ಕಾಡಿನಲ್ಲಿ ಅದು ಸಿಗುವುದು ನೂರು ಭೇಟಿಗೆ ಐದರಂತೆ, ಅಂದರೆ ಇಪ್ಪತ್ತಕ್ಕೆ ಒಂದು. "ಹಂಗಾದ್ರ ಇಪ್ಪತ್ತು ಸಲ ಹುಲ್ಲಾಗ ಹೊಕ್ಕರ ಸಾಕಲ್ಲಜ್ಜಾ?" ಎಂದು ಅವನು ಕೇಳಿದ. ಸಾಲದು. ಲೆಕ್ಕ ಹೀಗಿದೆ: ಒಂದು ಸಲ ಸಿಗದೇ ಇರುವ ಸಂಭವ ನೂರಕ್ಕೆ 95. ಇಪ್ಪತ್ತು ಸಲವೂ ಸಿಗದೇ ಇರುವ ಸಂಭವ ತಿಳಿಯಲು 0.95 ಅನ್ನು ಇಪ್ಪತ್ತು ಬಾರಿ ಬರೆದು ಗುಣಿಸಬೇಕು. ಉತ್ತರ ಸುಮಾರು 0.36. ಅಂದರೆ ನೂರು ಮಕ್ಕಳು ಇಪ್ಪತ್ತಿಪ್ಪತ್ತು ಸಲ ಹುಡುಕಿದರೂ ಮೂವತ್ತಾರು ಮಕ್ಕಳಿಗೆ ಪಿಕಾಚು ಕಂಡಿರುವುದಿಲ್ಲ. ನಲವತ್ತೈದು ಸಲ ಹುಡುಕಿದ ಮೇಲೂ ಸುಮಾರು ಹತ್ತು ಮಕ್ಕಳು ಕಾಯುತ್ತಲೇ ಇರುತ್ತಾರೆ. ಆದ್ದರಿಂದ ಸಿಗದಿದ್ದರೆ ಅಳಬೇಡಿ. ಕಾಡಿನ ನಡುವೆಯೇ ಆಟವನ್ನು ಸೇವ್ ಮಾಡಿ ಇಡಬಹುದು. ಹಾಗಾಗಿ "ಇನ್ನೈದೇ ನಿಮಿಷ" ಎಂಬ ನೆಪ ಅಜ್ಜಿಯ ಮುಂದೆ ನಡೆಯುವುದಿಲ್ಲ, ನೆನಪಿಡಿ!

ಇಷ್ಟೊಂದು ಹುಳುಗಳ ಕಾಡು ಎಲ್ಲಿಂದ ಬಂತು? ಈ ಆಟವನ್ನು ಕಲ್ಪಿಸಿದವರು ಸತೋಶಿ ತಾಜಿರಿ. ಹುಟ್ಟಿದ್ದು 1965ರಲ್ಲಿ, ಬೆಳೆದದ್ದು ಟೋಕಿಯೊ ಪಕ್ಕದ ಮಾಚಿದಾದಲ್ಲಿ. ಆಗ ಅಲ್ಲಿ ಗದ್ದೆ, ಹೊಂಡ, ತೋಪುಗಳಿದ್ದವು. ಹುಡುಗ ತಾಜಿರಿಗೆ ಹುಳ ಹಿಡಿಯುವ ಹುಚ್ಚು. ಗೆಳೆಯರು 'ಹುಳದ ಡಾಕ್ಟರ್' ಎಂದೇ ಕರೆಯುತ್ತಿದ್ದರಂತೆ. ಅವರು ದೊಡ್ಡವರಾಗುವಷ್ಟರಲ್ಲಿ ಗದ್ದೆಗಳ ಮೇಲೆ ಕಟ್ಟಡ ಎದ್ದವು, ಹುಳುಗಳು ಹೋದವು. ತನಗೆ ಸಿಕ್ಕ ಆ ಸಂತೋಷ ಊರಿನ ಮಕ್ಕಳಿಗೂ ಸಿಗಲಿ ಎಂದು ಅವರು ಈ ಆಟ ಮಾಡಿದರು. ಎರಡು ಯಂತ್ರಗಳನ್ನು ಜೋಡಿಸುವ ವೈರಿನ ಮೇಲೆ ಹುಳ ಹರಿದುಹೋಗುವಂತೆ ಅವರಿಗೆ ಕಂಡಿತಂತೆ. ಗೆಳೆಯರು ತಮ್ಮ ಪ್ರಾಣಿಗಳನ್ನು ಅದಲು ಬದಲು ಮಾಡಿಕೊಳ್ಳುವ ಯೋಚನೆ ಬಂದದ್ದು ಹಾಗೆ.

ಇದನ್ನು ಓದಿದಾಗ ಮನಸ್ಸಿಗೆ ಚುರುಕ್ ಎಂದಿತು. ಪರದೆಯ ಕಾಡು, ಇಲ್ಲವಾದ ಒಂದು ನಿಜವಾದ ಜಾಗದ ನೆನಪು. ಸಿಂಧನೂರಿನ ಸುತ್ತಲೂ ಗದ್ದೆಗಳಲ್ಲಿ ಕಲ್ಲು ನೆಟ್ಟು ಸೈಟು ಮಾಡುತ್ತಿದ್ದಾರೆ. ಆದರೆ ನಮ್ಮ ಹುಳುಗಳು ಇನ್ನೂ ಪೂರ್ತಿ ಹೋಗಿಲ್ಲ.

ನಂಬಿಕೆ ಇಲ್ಲವೇ? ಹಿತ್ತಲಿನ ಕರಿಬೇವು ಅಥವಾ ನಿಂಬೆ ಗಿಡದ ಹತ್ತಿರ ಹೋಗಿ. ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳ ಇರಬಹುದು. ಬೆಳೆದ ಮೇಲೆ ಅದು ಹಚ್ಚ ಹಸಿರು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು-ಕಿತ್ತಳೆ ಬಣ್ಣದ ಕವಲು ಕೊಂಬು ಹೊರಬಂದು ಗಬ್ಬು ವಾಸನೆ ಬೀರುತ್ತದೆ. ಆಟದ ಕ್ಯಾಟರ್‌ಪಿ ಹುಳದ ತಲೆಯಲ್ಲಿ ಇರುವ ಕೆಂಪು ಕೊಂಬೂ ಮಾಡುವುದು ಅದನ್ನೇ! ಆಟದ ಹುಳ 7ನೇ ಹಂತದಲ್ಲಿ ಗೂಡಾಗುತ್ತದೆ, 10ನೇ ಹಂತದಲ್ಲಿ ರೆಕ್ಕೆ ಬಿಚ್ಚುತ್ತದೆ. ನಮ್ಮ ಹಿತ್ತಲಿನ ಹುಳಕ್ಕೆ ಪಂದ್ಯ ಬೇಡ, ಎಲೆ ಸಾಕು. ಒಂದು ದಿನ ನೂಲಿನಿಂದ ತನ್ನನ್ನು ಕಡ್ಡಿಗೆ ಕಟ್ಟಿಕೊಂಡು ಸುಮ್ಮನಾಗುತ್ತದೆ. ಒಂದೆರಡು ವಾರ ಕಾದರೆ ಪಾತರಗಿತ್ತಿ.

"ಕರಿಬೇವು ತಿಂತಾವಂತ ಈ ಹುಳ ತೆಗೆದು ಒಗೀತಿದ್ದೆ" ಎಂದಳು ನನ್ನ ಹೆಂಡತಿ. ಈಗ ಮೂರು ಟೊಂಗೆ ಒಗ್ಗರಣೆಗೆ, ಒಂದು ಟೊಂಗೆ ಹುಳಕ್ಕೆ ಎಂದು ಅಜ್ಜಿ-ಮೊಮ್ಮಗ ಕರಾರು ಮಾಡಿಕೊಂಡಿದ್ದಾರೆ.

ಈ ವಾರ ನಿಮಗೆ ಒಂದು ಕೆಲಸ. ಚೌಕುಳಿ ಹಾಳೆಯಲ್ಲಿ ನಿಮ್ಮ ಓಣಿಯ ನಕಾಶೆ ಬರೆಯಿರಿ. ಯಾವ ಗಿಡದಲ್ಲಿ ಯಾವ ಹುಳ ಕಂಡಿತು, ಎಂದು ಕಂಡಿತು ಎಂದು ಗುರುತು ಹಾಕಿ. ಹೆಸರು ಗೊತ್ತಿಲ್ಲದಿದ್ದರೆ ಅಜ್ಜ-ಅಜ್ಜಿಯನ್ನು ಕೇಳಿ. ಅಜ್ಜ-ಅಜ್ಜಿಯರು ಆಟದ ಹುಳುಗಳ ಹೆಸರನ್ನು ಮಕ್ಕಳಿಂದ ಕಲಿಯಲಿ. ಕಂಬಳಿಹುಳವನ್ನು ಮುಟ್ಟಬೇಡಿ, ಮೈ ತುರಿಸುತ್ತದೆ. ಔಷಧಿ ಹೊಡೆದ ಗದ್ದೆಗೆ ಹೋಗಬೇಡಿ. ಕಾಲುವೆ ದಂಡೆಗೆ ದೊಡ್ಡವರಿಲ್ಲದೆ ಹೋಗಲೇಬೇಡಿ. ಹಿಡಿದು ಡಬ್ಬಿಯಲ್ಲಿ ಇಡುವುದೂ ಬೇಡ, ನೋಡಿ ಬರೆದರೆ ಸಾಕು. ನಿಮ್ಮ ಪಟ್ಟಿಯಲ್ಲಿ ಎಷ್ಟು ಹುಳ ಸೇರಿದವು ಎಂದು ಒಂದು ಕಾರ್ಡು ಹಾಕಿ. ಲೆಕ್ಕ ಹಿಡಿಯಲು ನಾನಿದ್ದೇನೆ.