ಮೂವತ್ತೊಂದನೆಯ ದಿನ

ಜನರು ಮತ ನೀಡಿ ಆರಿಸಿದವರನ್ನು ಅಧಿಕಾರದಿಂದ ಇಳಿಸುವ ಹಕ್ಕು ಯಾರದು? ನಮ್ಮ ವ್ಯವಸ್ಥೆ ಈ ಪ್ರಶ್ನೆಗೆ ಸ್ಪಷ್ಟವಾಗಿಯೇ ಉತ್ತರಿಸಿದೆ. ಸದನದ ವಿಶ್ವಾಸ ಕಳೆದುಕೊಂಡ ಸಚಿವ ಸಂಪುಟ ತೊಲಗಬೇಕು. ಅಪರಾಧ ಸಾಬೀತಾಗಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾದವರ ಸದಸ್ಯತ್ವ ಹೋಗುತ್ತದೆ. 2013ರ ಲಿಲಿ ಥಾಮಸ್ ತೀರ್ಪಿನ ಬಳಿಕ, ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಅದು ಉಳಿಯುವುದೂ ಇಲ್ಲ. ಅಂದರೆ ಒಂದೋ ಸದನ, ಇಲ್ಲವೇ ನ್ಯಾಯಾಲಯ.

2025ರ ಆಗಸ್ಟ್ 20ರಂದು ಗೃಹ ಸಚಿವ ಅಮಿತ್ ಶಾ ಲೋಕಸಭೆಯಲ್ಲಿ ಮಂಡಿಸಿದ ಸಂವಿಧಾನದ 130ನೇ ತಿದ್ದುಪಡಿ ಮಸೂದೆಯು ಇವರ ಜೊತೆಗೆ ಮೂರನೆಯವನೊಬ್ಬನನ್ನು ತಂದು ನಿಲ್ಲಿಸಿತು: ಬಂಧಿಸುವ ಅಧಿಕಾರಿ. ಐದು ವರ್ಷ ಅಥವಾ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಆರೋಪದಲ್ಲಿ ಸತತ 30 ದಿನ ಬಂಧನದಲ್ಲಿದ್ದರೆ ಪ್ರಧಾನಿ, ಮುಖ್ಯಮಂತ್ರಿ, ಸಚಿವರು ಯಾರೇ ಆಗಲಿ, 31ನೇ ದಿನದೊಳಗೆ ಹೊರಹೋಗಬೇಕು. ಇಲ್ಲವಾದರೆ ಸ್ಥಾನ ತಾನಾಗಿಯೇ ಹೋಗುತ್ತದೆ. ಮಸೂದೆಯನ್ನು ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಯಿತು.

ಸೆರೆಮನೆಯಿಂದ ಸರಕಾರ ನಡೆಸುವುದು ಶೋಭೆಯಲ್ಲ ಎಂಬುದನ್ನು ನಾವು ಒಪ್ಪುತ್ತೇವೆ. 2024ರ ಮಾರ್ಚ್‌ನಲ್ಲಿ ಬಂಧಿತರಾದ ಅರವಿಂದ ಕೇಜ್ರಿವಾಲ್ ತಿಂಗಳುಗಟ್ಟಲೆ ಜೈಲಿನಲ್ಲಿದ್ದೂ ಮುಖ್ಯಮಂತ್ರಿಯಾಗಿ ಉಳಿದದ್ದು ನಮಗೆ ಹಿತವೆನಿಸಿರಲಿಲ್ಲ. ಆದರೆ ರೋಗಕ್ಕೆ ಕೊಡುತ್ತಿರುವ ಮದ್ದು ಯಾವುದು? ನಮ್ಮ ಕ್ರಿಮಿನಲ್ ಕಾನೂನು ಆರೋಪಪಟ್ಟಿ ಸಲ್ಲಿಸಲು ತನಿಖಾಧಿಕಾರಿಗೆ 60 ದಿನ, ಗಂಭೀರ ಅಪರಾಧಗಳಲ್ಲಿ 90 ದಿನ ಕೊಡುತ್ತದೆ. ಮಸೂದೆ ಕಾಯುವುದು ಮೂವತ್ತೇ ದಿನ. ಆರೋಪವೇನೆಂದು ಕಾಗದದ ಮೇಲೆ ಪೂರ್ಣವಾಗಿ ಬರೆಯುವ ಮೊದಲೇ ಕುರ್ಚಿ ಖಾಲಿಯಾಗಿರುತ್ತದೆ! ಇನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನಿಲ್ಲ. ಅಲ್ಲಿ ಮೂವತ್ತು ದಿನ ಏನೇನೂ ಅಲ್ಲ. ಮನೀಷ್ ಸಿಸೋಡಿಯಾ ಸುಮಾರು 17 ತಿಂಗಳು ಒಳಗಿದ್ದರು. 2024ರ ಜನವರಿಯಲ್ಲಿ ರಾಜೀನಾಮೆಯಿತ್ತು ಬಂಧಿತರಾದ ಹೇಮಂತ್ ಸೊರೇನ್ ಅವರಿಗೆ ಜೂನ್‌ನಲ್ಲಿ ಜಾಮೀನು ನೀಡುವಾಗ, ಅವರು ತಪ್ಪಿತಸ್ಥರಲ್ಲವೆಂದು ನಂಬಲು ಕಾರಣವಿದೆಯೆಂದೇ ಜಾರ್ಖಂಡ್ ಹೈಕೋರ್ಟ್ ಹೇಳಿತು. ಅಷ್ಟರಲ್ಲಿ ಐದು ತಿಂಗಳು ಕಳೆದಿದ್ದವು.

ಬಿಡುಗಡೆಯಾದವರನ್ನು ಮರಳಿ ನೇಮಿಸಬಹುದೆಂಬ ಸಮಾಧಾನವೂ ಮಸೂದೆಯಲ್ಲಿದೆ. ಆದರೆ ಬಹುಮತ ಕದಡಿ ಬೇರೆ ಸರಕಾರ ಬಂದು ಕೂತ ಮೇಲೆ ಮರಳಿ ನೇಮಿಸುವವರು ಯಾರು?

ಪ್ರಧಾನಿಗೂ ಇದೇ ನಿಯಮವೆಂದು ಸಮರ್ಥಕರು ಬೀಗುತ್ತಾರೆ. ಜಾರಿ ನಿರ್ದೇಶನಾಲಯ, ಸಿಬಿಐ ಎರಡೂ ಕೇಂದ್ರ ಸರಕಾರದ ಅಧೀನದಲ್ಲಿರುವಾಗ, ಪ್ರಧಾನಿಯ ಬಾಗಿಲು ತಟ್ಟುವ ಅಧಿಕಾರಿಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಭಾರ ಬೀಳುವುದು ರಾಜ್ಯಗಳ ಮೇಲೆ, ಅದರಲ್ಲೂ ವಿರೋಧ ಪಕ್ಷಗಳ ಆಡಳಿತವಿರುವ ರಾಜ್ಯಗಳ ಮೇಲೆ.

ರಾಜಕಾರಣದ ಶುದ್ಧೀಕರಣವೇ ಉದ್ದೇಶವಾದರೆ ದಾರಿ ಇತ್ತು. ಗಂಭೀರ ಪ್ರಕರಣಗಳಲ್ಲಿ ನ್ಯಾಯಾಲಯವು ದೋಷಾರೋಪ ಹೊರಿಸಿದ ಹಂತದಲ್ಲೇ ಜನಪ್ರತಿನಿಧಿಗಳನ್ನು ಅನರ್ಹಗೊಳಿಸಬೇಕೆಂದು ಕಾನೂನು ಆಯೋಗ 2014ರಲ್ಲಿ, ತನ್ನ 244ನೇ ವರದಿಯಲ್ಲಿ, ಸಲಹೆ ಮಾಡಿತ್ತು. ಅಲ್ಲಿ ಕನಿಷ್ಠ ಒಬ್ಬ ನ್ಯಾಯಾಧೀಶರಾದರೂ ಸಾಕ್ಷ್ಯದ ಮೇಲೆ ಕಣ್ಣಾಡಿಸಿರುತ್ತಾರೆ. ಆ ವರದಿಯನ್ನು ಬದಿಗಿಟ್ಟು ಮೂವತ್ತು ದಿನದ ಲೆಕ್ಕ ಹಿಡಿದದ್ದೇಕೆಂಬುದನ್ನು ಮಸೂದೆ ತಂದವರು ದೇಶಕ್ಕೆ ವಿವರಿಸಬೇಕಾಗಿದೆ.